ಬೇಲಿ, ಅಗಳು ಮತ್ತು ಟ್ಯಾಂಕು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬೇಕು ಎಂದು ಸಮಿತಿಯ ಗೆಳೆಯರು ಕೇಳಿದಾಗ, ಶಾಲೆಯ ಇತಿಹಾಸವನ್ನೇ ಬರೆಯುತ್ತೇನೆಂದು ಅವರು ನಿರೀಕ್ಷಿಸಿದ್ದರು. ಆ ಕೆಲಸಕ್ಕೆ ನನಗಿಂತ ಹಿರಿಯರು, ಮೊದಲ ತಂಡದ ವಿದ್ಯಾರ್ಥಿಗಳು, ಇದ್ದಾರೆ. ನಾನು ಇದೇ ಶಾಲೆಯ ಬೆಂಚಿನಲ್ಲಿ ಕೂತು ಕಲಿತು, ಮುಂದೆ ಬೇರೆ ಊರಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಆದ್ದರಿಂದ ತರಗತಿಯಲ್ಲಿ ಹುಟ್ಟಿದ ಒಂದು ಪ್ರಶ್ನೆಯನ್ನೇ ಹಿಡಿದು ಬರೆಯುತ್ತೇನೆ.

ಎರಡನೆಯ ಮಹಾಯುದ್ಧದ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನು ಅಣ್ಣನ ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತಾನಂತೆ. ಫ್ರಾನ್ಸಿನ ನಾರ್ಮಂಡಿಯ ನಕಾಶೆ, ನಮ್ಮ ಕಡೆಗೆ ಇಪ್ಪತ್ತು ಟ್ಯಾಂಕು. "ಸಾರ್, ಟ್ಯಾಂಕು ಮನೆ ಗೋಡೆ ಒಡ್ಕಂಡು ಹೋಗುತ್ತೆ, ಆದ್ರೆ ಬೇಲಿ ಹತ್ರ ಬಂದ್ರೆ ನಿಂತೇ ಬಿಡುತ್ತೆ. ಮೂವತ್ತು ಟನ್ ಗಾಡಿಗೆ ಒಂದು ಬೇಲಿ ದಾಟಕ್ಕಾಗಲ್ವಾ? ಆಟ ಮಾಡಿದೋರಿಗೆ ಗೊತ್ತಿಲ್ವಾ?" ಎಂದ. ತರಗತಿಯೆಲ್ಲ ನಕ್ಕಿತು. ಅವನ ಕಣ್ಣ ಮುಂದೆ ಇದ್ದದ್ದು ನಮ್ಮ ಈಗಿನ ಬೇಲಿ: ನಾಲ್ಕು ಕಲ್ಲುಕಂಬ, ಮೂರು ಸಾಲು ಮುಳ್ಳುತಂತಿ, ನಡುವೆ ಲಂಟಾನ. ಅದನ್ನು ದಾಟಲು ಟ್ಯಾಂಕು ಬೇಕಾಗಿಲ್ಲ, ನಮ್ಮ ಮನೆಯ ಎಮ್ಮೆ ಸಾಕು.

ಆಟ ಮಾಡಿದವರಿಗೆ ಗೊತ್ತಿತ್ತು. ಹುಡುಗನ ಅಜ್ಜನಿಗೂ ಗೊತ್ತಿರುತ್ತಿತ್ತು, ಏಕೆಂದರೆ ಅವರ ಕಾಲದಲ್ಲಿ ಬೇಲಿ ಎಂದರೆ ತಂತಿಯಲ್ಲ. ಒಂದಾಳು ಆಳದ ಅಗಳು, ಅಗಳಿನಿಂದ ತೆಗೆದ ಮಣ್ಣನ್ನು ಒಳಬದಿಗೆ ಹಾಕಿ ಕಟ್ಟಿದ ಧರೆ, ಧರೆಯ ಮೇಲೆ ಮುಳ್ಳುಬಿದಿರೋ ಸೀಗೆಮೆಳೆಯೋ ಕತ್ತಾಳೆಯೋ, ಇವು ಮೂರೂ ಸೇರಿದರೆ ಬೇಲಿ. ಆಳು ದಾಟಲು ಒಂದು ತಡಮೆ, ದನ ಹೊಡೆಯಲು ಒಂದು ಉಣುಗೋಲು. ಅದು ಬಿಟ್ಟರೆ ನರಿ ನುಗ್ಗುವುದೂ ಕಷ್ಟ. ನಾರ್ಮಂಡಿಯ ಬೇಲಿಯೂ ಹೆಚ್ಚುಕಡಿಮೆ ಇದೇ. ಅಲ್ಲಿಯವರು ಅಂಥ ಸೀಮೆಗೆ ಬೊಕಾಜ್ ಎನ್ನುತ್ತಾರೆ. ಸಮುದ್ರದ ಗಾಳಿಯಿಂದ ಬೆಳೆ ಉಳಿಸಲು, ದನ ಕಟ್ಟಲು, ಅಣ್ಣತಮ್ಮಂದಿರ ಪಾಲಿಗೆ ಗಡಿ ಹಾಕಲು ನೂರಾರು ವರ್ಷಗಳಿಂದ ರೈತರು ಎತ್ತುತ್ತ ಬಂದ ಮಣ್ಣಿನ ದಿಬ್ಬಗಳು. ಎದೆಯೆತ್ತರದಿಂದ ತಲೆಗಿಂತ ಮೇಲಿನವರೆಗೆ ಮಣ್ಣು, ಮಣ್ಣನ್ನು ಹೆಣೆದು ಹಿಡಿದ ಬೇರು, ಮೇಲೆ ಮರ ಮತ್ತು ಮುಳ್ಳು. ಎರಡು ಬೇಲಿಗಳ ನಡುವೆ ಗಾಡಿ ಓಡಾಡಿ ಓಡಾಡಿ ತಗ್ಗಾದ ಓಣಿ. ನಮ್ಮ ತೋಟಗಳ ನಡುವಿನ ಹಳೆಯ ಗಾಡಿದಾರಿ ನೆನಪು ಮಾಡಿಕೊಳ್ಳಿ, ಸಾಕು. ಅಮೆರಿಕದ ಸೇನೆ ವಿಮಾನದಿಂದ ತೆಗೆದ ಒಂದು ಚಿತ್ರದಲ್ಲಿ ಎಂಟು ಚದರ ಮೈಲಿಗೂ ಕಡಿಮೆ ಜಾಗದಲ್ಲಿ 3,900ಕ್ಕಿಂತ ಹೆಚ್ಚು ಬೇಲಿ ಸುತ್ತಿದ ಹೊಲಗಳಿದ್ದವು.

1944ರ ಜೂನ್ 6ರಂದು ಮಿತ್ರಪಡೆಗಳು ಈ ನಾರ್ಮಂಡಿಯ ಕರಾವಳಿಯಲ್ಲಿ ಇಳಿದವು. ಸಮುದ್ರತೀರ ದಾಟುವುದು ಹೇಗೆಂದು ಎರಡು ವರ್ಷ ಲೆಕ್ಕ ಹಾಕಿದ್ದ ಸೇನಾಧಿಪತಿಗಳು ತೀರದ ಹಿಂದಿನ ಬೇಲಿಗಳಿಗೆ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಟ್ಯಾಂಕು ದಿಬ್ಬ ಹತ್ತಬಲ್ಲದು, ನಿಜ. ಆದರೆ ಹತ್ತುವಾಗ ಅದರ ಮೂತಿ ಆಕಾಶಕ್ಕೆ ಏಳುತ್ತದೆ, ಫಿರಂಗಿ ಮೋಡಕ್ಕೆ ಗುರಿ ಇಡುತ್ತದೆ. ಟ್ಯಾಂಕಿನ ದಪ್ಪ ಉಕ್ಕೆಲ್ಲ ಮುಂಭಾಗದಲ್ಲಿ, ಹೊಟ್ಟೆಯ ಭಾಗ ತೆಳು. ದಿಬ್ಬದ ಮೇಲೆ ಬಂದ ಕ್ಷಣ ಆ ತೆಳು ಹೊಟ್ಟೆ ಎದುರು ಬೇಲಿಯಲ್ಲಿ ಅಡಗಿ ಕೂತ ಜರ್ಮನ್ ಸೈನಿಕನಿಗೆ ತೆರೆದುಕೊಳ್ಳುತ್ತದೆ. ಹತ್ತದೆ ಓಣಿಯಲ್ಲೇ ಹೋದರೆ ಮುಂದಿನ ಟ್ಯಾಂಕನ್ನು ಒಂದು ಹೊಡೆದರೆ ಮುಗಿಯಿತು, ಹಿಂದಿನವೆಲ್ಲ ಸಾಲಾಗಿ ಸಿಕ್ಕಿಬೀಳುತ್ತವೆ.

ಬೇಲಿಯನ್ನು ಸಿಡಿಸಿ ಕಂಡಿ ಮಾಡೋಣ ಎಂದರು. ಒಂದು ಕಂಡಿಗೆ ತಲಾ 50 ಪೌಂಡಿನ ಎರಡು ಸಿಡಿಮದ್ದಿನ ಮೂಟೆ. ಸದ್ದಾದ ಕೂಡಲೇ ಯಾವ ಜಾಗದಲ್ಲಿ ಟ್ಯಾಂಕು ಬರುತ್ತದೆ ಎಂದು ಶತ್ರುವಿಗೆ ಗೊತ್ತಾಗುತ್ತಿತ್ತು. ಒಂದು ಟ್ಯಾಂಕ್ ಕಂಪನಿ ಒಂದೂವರೆ ಮೈಲಿ ಮುಂದುವರಿಯಬೇಕಾದರೆ 17 ಟನ್ ಸಿಡಿಮದ್ದು ಬೇಕು ಎಂದು ಯಾರೋ ಎಂಜಿನಿಯರ್ ಲೆಕ್ಕ ಕೊಟ್ಟ ಮೇಲೆ ಆ ದಾರಿಯೂ ಎಲ್ಲ ಕಡೆಗೆ ಆಗದು ಎಂದು ಗೊತ್ತಾಯಿತು. ಬೇಲಿಯಿಂದ ಬೇಲಿಗೆ, ಹೊಲದಿಂದ ಹೊಲಕ್ಕೆ ಕಾಲಾಳುಗಳು ತೆವಳಿದರು. ಜುಲೈ ತಿಂಗಳಲ್ಲಿ ಅಮೆರಿಕದ ಮೊದಲ ಸೇನೆಯೊಂದರಲ್ಲೇ ಸತ್ತವರು, ಗಾಯಗೊಂಡವರು ಸುಮಾರು 40,000.

ಇದಕ್ಕೆ ಉಪಾಯ ಹೊಳೆದದ್ದು ಜನರಲ್‌ಗಳಿಗಲ್ಲ. ಕರ್ಟಿಸ್ ಕುಲಿನ್ ಎಂಬ ಸಾರ್ಜೆಂಟ್ ಟ್ಯಾಂಕಿನ ಮೂತಿಗೆ ಉಕ್ಕಿನ ಕೋರೆಹಲ್ಲು ಬೆಸೆದ. ಹಂದಿ ಗೆಣಸಿನ ಪಾತಿಗೆ ಮೂತಿ ಹಾಕುತ್ತದಲ್ಲ, ಹಾಗೆ. ಹಲ್ಲು ಬೇಲಿಯ ಬುಡಕ್ಕೆ ಚುಚ್ಚಿಕೊಂಡದ್ದರಿಂದ ಟ್ಯಾಂಕು ಮೇಲೇಳದೆ, ಮಣ್ಣು ಬೇರು ಸಮೇತ ಬೇಲಿಯನ್ನು ಸೀಳಿಕೊಂಡು ನೇರ ಒಳಗೆ ಬಂತು, ಫಿರಂಗಿಯ ಗುರಿ ತಪ್ಪಲಿಲ್ಲ. ಉಕ್ಕು ಎಲ್ಲಿಂದ? ಟ್ಯಾಂಕು ದೋಣಿ ತಡೆಯಲೆಂದು ಜರ್ಮನ್ನರೇ ಸಮುದ್ರತೀರದಲ್ಲಿ ನೆಟ್ಟಿದ್ದ ಕಂಬಿಗಳಿಂದ. ಜುಲೈ 14ರಂದು ಜನರಲ್ ಬ್ರಾಡ್ಲಿ ಇದನ್ನು ಕಣ್ಣಾರೆ ನೋಡಿದರು. ಜುಲೈ 25ರ ದೊಡ್ಡ ದಾಳಿಯ ಹೊತ್ತಿಗೆ 500ಕ್ಕೂ ಹೆಚ್ಚು ಹಲ್ಲುಗಳು ತಯಾರಾಗಿ, ಆ ಸೇನೆಯ ಐದು ಟ್ಯಾಂಕುಗಳಲ್ಲಿ ಮೂರಕ್ಕೆ ಬೆಸೆಯಲಾಗಿತ್ತು. ಈ ಹಲ್ಲಿನಿಂದಲೇ ಯುದ್ಧ ಗೆದ್ದರು ಎಂದು ಸಿನಿಮಾದವರ ಹಾಗೆ ಹೇಳುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಅಂದಿನ ದಾಳಿಗೆ ಬಾಗಿಲು ತೆಗೆದದ್ದು ಸಾವಿರಾರು ವಿಮಾನಗಳ ಬಾಂಬು. ಆದರೂ ಬೇಲಿಯ ಭಯ ಹೋಗಿದ್ದು ಒಬ್ಬ ಸಾರ್ಜೆಂಟನ ಬೆಸುಗೆ ಕೆಲಸದಿಂದ ಎಂಬುದು ಒಪ್ಪತಕ್ಕ ಮಾತು.

ಇಷ್ಟು ಹೇಳಿ ಪಾಠ ಮುಗಿಸಬಹುದಿತ್ತು. ಆದರೆ ನಾರ್ಮಂಡಿಯ ಬೇಲಿಯನ್ನು ನಮ್ಮ ಮಕ್ಕಳಿಗೆ ಹೇಳಿ, ನಮ್ಮ ಬೇಲಿಯ ಕಥೆ ಹೇಳದೆ ಬಿಡುವುದು ಸರಿಯೆನಿಸಲಿಲ್ಲ. ನಾರ್ಮಂಡಿಗಿಂತ ಒಂದೂವರೆ ಶತಮಾನ ಹಿಂದೆ ಜಗತ್ತಿನ ದೊಡ್ಡ ಸೇನೆಯೊಂದು ಬೇಲಿಗೆ ಸಿಕ್ಕಿ ನಿಂತದ್ದು ಇಲ್ಲೇ, ನಮ್ಮ ಬಲಂ ಸೀಮೆಯಲ್ಲಿ.

ಈಗ ಸಕಲೇಶಪುರ, ಆಲೂರು, ಬೇಲೂರಿನ ಮಲೆನಾಡು ಅಂಚು ಎಂದು ಕರೆಯುವ ಈ ಪ್ರದೇಶ ಹಿಂದೆ ಬಲಂ. ವಿಜಯನಗರದ ಕೃಷ್ಣದೇವರಾಯನ ಹಡಪದವನಾಗಿದ್ದ ಎರ್ರ ಕೃಷ್ಣಪ್ಪ ನಾಯಕನಿಗೆ ಬೇಲೂರು ಸೀಮೆ ಬಂದಾಗಿನಿಂದ ಅವನ ವಂಶದವರು ಇಲ್ಲಿ ಆಳಿದರು. ಮುಂದೆ ಬೇಲೂರು ಕೈಬಿಟ್ಟು ಐಗೂರಿಗೆ ಸರಿದರು. ಕೆಳದಿಯವರು, ಮೈಸೂರಿನವರು, ಹೈದರ್, ಟಿಪ್ಪು, ಎಲ್ಲರ ಕೈಗೂ ಸಿಕ್ಕಿ ಎಲ್ಲರ ಕೈಯಿಂದಲೂ ಜಾರಿದ ಮನೆತನ ಅದು. 1792ರ ಯುದ್ಧದಲ್ಲಿ ಐಗೂರಿನ ಕೃಷ್ಣಪ್ಪ ನಾಯಕ ಟಿಪ್ಪುವಿನ ವಿರೋಧಿಗಳ ಪಾಳೆಯ ಸೇರಿದ, ಒಪ್ಪಂದವಾದ ಮೇಲೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಕರೆಸಿ ಐಗೂರು ಸೀಮೆಯನ್ನಷ್ಟೇ ಬಿಟ್ಟುಕೊಟ್ಟು, ಉಳಿದದ್ದನ್ನು ಮೈಸೂರಿಗೆ ಸೇರಿಸಿಕೊಂಡ. ಈ ಸೀಮೆಯ ಮೇಲೆ ಕಣ್ಣಿಡಲು ಅವನು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆಯೇ ದೋಣಿಗಾಲಿನ ಬಳಿಯ ಮಂಜರಾಬಾದ್. ಶಾಲಾ ಪ್ರವಾಸವೆಂದರೆ ನಮಗೆ ಅದೇ ಕೋಟೆ. ಗೋಡೆಯ ಮೇಲೆ ಕೂತು ಬುತ್ತಿ ಬಿಚ್ಚಿ, ಹೇಮಾವತಿ ಕಡೆಯ ಮಂಜನ್ನು ನೋಡುತ್ತಿದ್ದೆವು. ಆ ಕೋಟೆ ಯಾರ ಮೇಲೆ ಕಾವಲಿಗೆ ಎಂದು ಆಗ ಕೇಳಿದವರಿಲ್ಲ. ಘಟ್ಟದ ದಾರಿಯ ಮೇಲೆ ಕಾವಲು ಸರಿ, ಆದರೆ ಕಾವಲು ನಮ್ಮ ಮೇಲೂ ಇತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಹೋದ, ಇನ್ನು ತಾನೇ ಒಡೆಯ ಎಂದು ಬಲಂನ ವೆಂಕಟಾದ್ರಿ ನಾಯಕ ನಿಂತ. ಬಲಂ ಸಣ್ಣ ಸೀಮೆಯಾದರೂ ಅದರ ಕೈಯಲ್ಲಿ ಒಂದು ಬೀಗದ ಕೈ ಇತ್ತು: ಬಿಸಿಲೆ ಘಾಟಿ. ಮೇಲಿನ ಮೈಸೂರಿಗೂ ಕೆಳಗಿನ ಮಂಗಳೂರಿಗೂ ನಡುವೆ ಸೇನೆ, ಅಕ್ಕಿ, ಟಪಾಲು ಓಡಾಡುವ ದಾರಿ ಅದು. ಆ ದಾರಿ ಮುಚ್ಚಿದರೆ ಈಸ್ಟ್ ಇಂಡಿಯಾ ಕಂಪನಿ ಸುಮ್ಮನಿರುವುದು ಸಾಧ್ಯವಿರಲಿಲ್ಲ.

ನಾಯಕನ ಬಲ ಕೋಟೆಯಲ್ಲಿರಲಿಲ್ಲ, ಕಾಡಿನಲ್ಲಿತ್ತು. ಇಂಗ್ಲಿಷರು ತಮ್ಮ ಕಾಗದಪತ್ರಗಳಲ್ಲಿ ಅರಕೇರಿ ಎಂದು ಬರೆದ ಅವನ ನೆಲೆಯ ಸುತ್ತ ದಟ್ಟ ಕಾಡು. ಕಾಡಿನೊಳಗೆ ಇಕ್ಕಟ್ಟಾದ ದಾರಿ, ದಾರಿಗೆ ಅಡ್ಡಲಾಗಿ ಕಡಿದುರುಳಿಸಿದ ಮರ, ಅಗಳು, ಬೇಲಿ, ಮೆಳೆಯ ಹಿಂದೆ ಬಂದೂಕು. ಬಲಂನ ಹಳ್ಳಿಗಳು ಕೂಡ ಸುತ್ತ ಅಗಳು ಬೇಲಿ ಹಾಕಿಕೊಂಡು ಒಂದೊಂದೂ ಒಂದೊಂದು ಕೋಟೆಯಂತಿದ್ದವು. ಬಯಲಿನಲ್ಲಿ ಸಾಲಾಗಿ ನಿಂತು ಒಮ್ಮೆಲೇ ಗುಂಡು ಹಾರಿಸುವುದು ಕಂಪನಿಯ ಸಿಪಾಯಿಗಳಿಗೆ ಕಲಿಸಿದ ವಿದ್ಯೆ. ಇಲ್ಲಿ ಸಾಲು ನಿಲ್ಲಲು ಜಾಗವಿಲ್ಲ, ಹಾರಿಸಿದರೆ ಬೀಳುವುದು ಬಿದಿರು. ಮದ್ದುಗುಂಡಿನ ಗಾಡಿಗೆ, ಫಿರಂಗಿಯ ಎತ್ತುಗಳಿಗೆ ದಾರಿಯಿಲ್ಲ. ಆ ಕಾಲದ ಫಿರಂಗಿ ದಳವನ್ನು ಈ ಕಾಲದ ಟ್ಯಾಂಕು ಎಂದುಕೊಂಡರೆ, ಹುಡುಗನ ಆಟ ಇಲ್ಲಿಗೆ ಬಂದು ನಿಂತಿತು ಎನ್ನಬಹುದು.

1800ರ ಏಪ್ರಿಲ್‌ನಲ್ಲಿ ಕಂಪನಿಯ ಮೊದಲ ದಾಳಿ ಸೋತು ಹಿಂದೆ ಬಂತು. ಅದೇ ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ದೊಡ್ಡ ಪಡೆಯೊಂದಿಗೆ ಬಂದು, ಸಾಕಷ್ಟು ಜನರನ್ನು ಕಳೆದುಕೊಂಡು ಅರಕೇರಿಯನ್ನು ಹಿಡಿದರು. ಹಿಡಿದು ಏನು ಬಂತು? ಉತ್ತರದಲ್ಲಿ ದೋಂಡಿಯಾ ವಾಘ್ ಎದ್ದಿದ್ದ. ಅವನ ಬೆನ್ನು ಹತ್ತಲು ಸೇನೆ ಅತ್ತ ಹೋಯಿತು. ಸೇನೆ ಹೋದ ಮೇಲೆ ನಾಯಕ ಮತ್ತೆ ಕಾಡಿಗೆ ಬಂದ, ಕಡಿದ ಮರ ಮತ್ತೆ ದಾರಿಗೆ ಅಡ್ಡ ಬಿತ್ತು. ನಮ್ಮ ಮಲೆನಾಡಿನಲ್ಲಿ ಬೇಲಿ ಹೊಸದಾಗಿ ಬೆಳೆಯಲು ಒಂದು ಮಳೆಗಾಲ ಸಾಕಲ್ಲ.

ಮೈಸೂರಿನಲ್ಲಿ ಆಗ ಸೇನೆಯ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ನಮ್ಮ ಪಠ್ಯಪುಸ್ತಕದಲ್ಲಿ ವಾಟರ್ಲೂ ಇತ್ತು, ಬಲಂ ಇರಲಿಲ್ಲ. ಈ ಮನುಷ್ಯನಿಗೆ ಗಿಡಮರದ ಭಯ ಏನೆಂದು ಮೊದಲೇ ಗೊತ್ತಿತ್ತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಎದುರಿನ ಸುಲ್ತಾನ್‌ಪೇಟೆ ತೋಪಿಗೆ ಅವನು ತನ್ನ ಪಡೆಯೊಂದಿಗೆ ನುಗ್ಗಿ, ಕಾಲುವೆ ಬಿದಿರುಗಳ ನಡುವೆ ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರ ಗುಂಡಿಗೆ ಸಿಕ್ಕಿ ಹಿಂದೆ ಬಂದಿದ್ದ. ಹಗಲಲ್ಲಿ ಕಣ್ಣಾರೆ ನೋಡದ ಜಾಗವನ್ನು ಇನ್ನೆಂದೂ ರಾತ್ರಿ ಹೊಡೆಯುವುದಿಲ್ಲ ಎಂದು ನಿರ್ಧರಿಸಿದ್ದ. ಆ ಪಾಠ ಅವನ ಜತೆ ಬಲಂಗೂ ಬಂತು.

ಅವನು ಆರಿಸಿಕೊಂಡ ಕಾಲ ನೋಡಿ: 1802ರ ಜನವರಿ. ಮಳೆ ನಿಂತು, ಗದ್ದೆ ಕೊಯ್ಲಾಗಿ, ಕೆಸರು ಗಟ್ಟಿಯಾಗುವ ಹೊತ್ತು. ನಮ್ಮ ತೋಟದ ಯಾವ ಮೇಸ್ತ್ರಿಯನ್ನು ಕೇಳಿದರೂ ಮಣ್ಣಿನ ಕೆಲಸಕ್ಕೆ ಅದೇ ತಿಂಗಳು ಹೇಳುತ್ತಾನೆ. ಮೊದಲು ಸುತ್ತಲ ಜಾಗವನ್ನು ನೋಡಿಕೊಂಡ. ಜನವರಿ 16ರಂದು ಒಂದೇ ದಾರಿಯಲ್ಲಿ ನುಗ್ಗದೆ ಪಡೆಯನ್ನು ಮೂರು ಭಾಗ ಮಾಡಿ ಮೂರು ಕಡೆಯಿಂದ ಕಾಡಿನೊಳಗೆ ಬಿಟ್ಟ. ಬೇಲಿಯ ಹಿಂದೆ ಕೂತವನಿಗೆ ಮುಂದಿನ ಶತ್ರುವಿನ ಹೆದರಿಕೆ ಇರುವುದಿಲ್ಲ, ಹಿಂದಿನಿಂದ ಸದ್ದು ಕೇಳಿದರೆ ಕೈ ನಡುಗುತ್ತದೆ. ಎರಡು ವರ್ಷದ ಹಿಂದೆ ಅಷ್ಟು ರಕ್ತ ಕುಡಿದ ಅರಕೇರಿ ಈ ಸಲ ಸ್ವಲ್ಪದರಲ್ಲೇ ಬಿತ್ತು. ನಾಯಕ ಸಿಗಲಿಲ್ಲ, ಕಾಡಿನೊಳಕ್ಕೆ ಜಾರಿದ.

ವೆಲ್ಲೆಸ್ಲಿ ಗೆದ್ದದ್ದು ಆ ದಿನವಲ್ಲ, ಆಮೇಲೆ ಎಂಬುದು ನನ್ನ ಅಭಿಪ್ರಾಯ. ಮಾಂಟ್ರೆಸರ್ ಜಾಗ ಹಿಡಿದು ಹೋಗಿದ್ದರು. ವೆಲ್ಲೆಸ್ಲಿ ಕೊಡಲಿ ಹಿಡಿಸಿದ. ಕಾಡಿನ ನಡುವೆ ಅಗಲವಾದ ದಾರಿ ಕಡಿಸಿದ, ಹಳ್ಳಿಗಳ ಅಗಳು ಬೇಲಿ ಕೆಡವಿಸಿದ. ದಿವಾನ್ ಪೂರ್ಣಯ್ಯನವರ ಮೈಸೂರು ಪಡೆಯೂ ಜತೆಗಿತ್ತು. ಕೊನೆಗೆ ನಾಯಕನನ್ನು ಹಿಡಿದದ್ದು ಆ ಮೈಸೂರು ಕುದುರೆ ಸವಾರರೇ. ಫೆಬ್ರವರಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಬ್ಬರನ್ನೂ ದೇವರು ದೆವ್ವ ಮಾಡಿ ಬರೆಯುವ ರೂಢಿ ಈಗ ಹೆಚ್ಚು. ನಾಯಕ ತನ್ನ ಸೀಮೆ ತನಗೆ ಬೇಕೆಂದು ಹೋರಾಡಿದ ಪಾಳೆಯಗಾರ. ಅವನ ಆಳ್ವಿಕೆಯಲ್ಲಿ ಬಡರೈತ ಸುಖವಾಗಿದ್ದನೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆದರೆ ಬೇಲಿ ಕೆಡವಿದಾಗ ಕೆಟ್ಟದ್ದು ನಾಯಕನ ಬೇಲಿ ಮಾತ್ರವಲ್ಲ. ಹುಲಿಯಿಂದ ದನವನ್ನು, ಹಂದಿಯಿಂದ ಗದ್ದೆಯನ್ನು, ದರೋಡೆಕೋರರಿಂದ ಕಣಜವನ್ನು ಕಾಯುತ್ತಿದ್ದ ಊರಿನ ಬೇಲಿಯೂ ಹೋಯಿತು. ಅದನ್ನು ಯಾವ ಇಂಗ್ಲಿಷ್ ಕಾಗದವೂ ನಷ್ಟದ ಲೆಕ್ಕಕ್ಕೆ ಹಾಕಿಲ್ಲ.

ಇಲ್ಲೊಂದು ಮಾತು. ಕಂಪ್ಯೂಟರ್ ಆಟವನ್ನು ನಾನು ಆ ಹುಡುಗನ ಪಕ್ಕ ಕೂತು ನೋಡಿದ್ದೇನೆ. ನಕಾಶೆಯನ್ನು ಮನೆಗಳಾಗಿ ಹೆಚ್ಚಿ, ಒಂದೊಂದು ಮನೆಗೂ ಒಂದೊಂದು ಅಂಕ ಕೊಟ್ಟಿರುತ್ತಾರೆ. ಬಯಲಾದರೆ ಒಂದು, ಕಾಡಾದರೆ ಎರಡು, ಬೇಲಿಯಾದರೆ ನಿಲ್ಲು. ನಮ್ಮ ದೇವಸ್ಥಾನದ ಜಗಲಿ ಕಲ್ಲುಗಳ ಮೇಲೆ ಕೊರೆದ ಹುಲಿ-ಕುರಿ ಆಟವೂ ಇಂಥದ್ದೇ, ಮತ್ತು ನನಗೆ ಕೇಳಿದರೆ ಅದಕ್ಕಿಂತ ಜಾಣತನದ್ದು. ಅದರಲ್ಲಿ ಹುಲಿ ಹಾರಿ ತಿನ್ನಬಹುದು. ಕುರಿಗೆ ಹಲ್ಲಿಲ್ಲ, ಅದು ಸುಮ್ಮನೆ ದಾರಿಗಳನ್ನು ಮುಚ್ಚುತ್ತ ಬರುತ್ತದೆ. ಕುರಿಗಳು ಒತ್ತಾಗಿ ನಿಂತರೆ ಹುಲಿ ಕಟ್ಟಿಬೀಳುತ್ತದೆ. ವೆಂಕಟಾದ್ರಿ ನಾಯಕ ಆಡಿದ್ದು ಕುರಿಯ ಆಟ. ಅಷ್ಟು ಹೊತ್ತು ಹುಲಿಯನ್ನು ಕಟ್ಟಿಹಾಕಿದ್ದ ಅಂದರೆ ಚೆನ್ನಾಗಿಯೇ ಆಡಿದ. ಕಲ್ಲಿನ ಮೇಲಿನ ಆಟದಲ್ಲಿ ಹುಲಿ ಹೊಸ ಗೆರೆ ಕೊರೆಯುವಂತಿಲ್ಲ. ವೆಲ್ಲೆಸ್ಲಿ ಕೊರೆದ.

ನಮ್ಮ ನೆರೆಯ ಕೊಡಗಿನಲ್ಲಿ ಈ ಬೇಲಿಯ ವಿದ್ಯೆ ಇನ್ನೂ ದೊಡ್ಡದಾಗಿ ಬೆಳೆದಿತ್ತು. ಅಲ್ಲಿ ಕಡಂಗ ಎಂಬ ಕಂದಕಗಳು ಗುಡ್ಡದಿಂದ ಗುಡ್ಡಕ್ಕೆ ಮೈಲಿಗಟ್ಟಲೆ ಹರಿದಿವೆ. ಕೆಲವು ಕಡೆ ಕಂದಕವೂ ದಿಣ್ಣೆಯೂ ಸೇರಿ ಮೂರಾಳೆತ್ತರ ಮೀರುತ್ತವೆ. ಒಂದು ನಾಡಿಗೂ ಇನ್ನೊಂದು ನಾಡಿಗೂ ಗಡಿ ಅವು, ಯುದ್ಧ ಬಂದಾಗ ಕೋಟೆ. ಈ ಕಡಂಗಗಳ ನಾಡಿನಲ್ಲಿ, ಮಡಿಕೇರಿಯಲ್ಲಿ, 1906ರಲ್ಲಿ ಹುಟ್ಟಿದವರು ಕೆ. ಎಸ್. ತಿಮ್ಮಯ್ಯ. ಟ್ಯಾಂಕು ದಾಟದ ಜಾಗವನ್ನು ಟ್ಯಾಂಕಿನಲ್ಲಿ ದಾಟಿದ ಕನ್ನಡನಾಡಿನ ಸೇನಾನಿ ಎಂದರೆ ಅವರೇ. 1948ರ ಶರತ್ಕಾಲ. ಕಾಶ್ಮೀರದ ಜೋಜಿ ಲಾ ಕಣಿವೆಯ ಬಾಯನ್ನು ಶತ್ರುಗಳು ಹಿಡಿದಿದ್ದರು, ಲೇಹ್ ಪಟ್ಟಣ ಕೈತಪ್ಪುವಂತಿತ್ತು. ಕಾಲಾಳುಗಳ ದಾಳಿ ಸೋತಿತ್ತು. 11,000 ಅಡಿಗೂ ಮೇಲೆ, ಕುದುರೆ ನಡೆಯುವ ದಾರಿಯಲ್ಲಿ, ಟ್ಯಾಂಕು ಹತ್ತಿಸುತ್ತೇನೆ ಎಂದರು ತಿಮ್ಮಯ್ಯ. 7ನೇ ಕ್ಯಾವಲ್ರಿಯ ಹಗುರ ಸ್ಟುವರ್ಟ್ ಟ್ಯಾಂಕುಗಳ ತಲೆ ಬಿಚ್ಚಿ, ಮುಚ್ಚಿ, ಗುಟ್ಟಾಗಿ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಿನ ದಾರಿಯನ್ನು ಮದ್ರಾಸ್ ಸ್ಯಾಪರ್ಸ್ ಎಂಜಿನಿಯರ್ ಪಡೆಯವರು ಬಂಡೆ ಒಡೆದು ಅಗಲ ಮಾಡಿದರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಕೇಂದ್ರವಿರುವ ಅದೇ ಸ್ಯಾಪರ್ಸ್. ನವೆಂಬರ್ 1ರಂದು, ಹಿಮ ಬೀಳುವ ಹೊತ್ತಿನಲ್ಲಿ, ಟ್ಯಾಂಕುಗಳು ಕಣಿವೆಯಲ್ಲಿ ಕಾಣಿಸಿಕೊಂಡಾಗ ಎದುರಿನವರು ಬಂಕರ್ ಬಿಟ್ಟು ಓಡಿದರು. ಮುಂದಿನ ಟ್ಯಾಂಕಿನಲ್ಲಿ ಸ್ವತಃ ಮೇಜರ್ ಜನರಲ್ ತಿಮ್ಮಯ್ಯ ಇದ್ದರು. ಟ್ಯಾಂಕಿನವರ ಹೆಸರು ಎಲ್ಲರಿಗೂ ಗೊತ್ತು. ಹಾರೆ ಹಿಡಿದವರ ಹೆಸರು ನಮ್ಮ ಮಕ್ಕಳಿಗೂ ಗೊತ್ತಾಗಲಿ ಎಂದು ನಾನು ಈ ಕಥೆಯನ್ನು ಪ್ರತಿವರ್ಷ ರಾಜ್ಯೋತ್ಸವದ ದಿನ ಹೇಳುತ್ತಿದ್ದೆ. ತಾರೀಖೂ ಕೂಡಿಬರುತ್ತದೆ.

ಬಯಲಿನಲ್ಲೂ ಟ್ಯಾಂಕು ಸಿಕ್ಕಿಬೀಳುತ್ತದೆ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ನಮ್ಮವರು ಹೊಲಗಳಿಗೆ ನೀರು ಬಿಟ್ಟು, ಕಬ್ಬಿನ ಗದ್ದೆಯಲ್ಲಿ ಅಡಗಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೂತುಹಾಕಿದರು. ನಾಟಿ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿ ಕೈಸುಟ್ಟುಕೊಂಡ ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು: ಎಲ್ಲಿಯ ಟ್ಯಾಂಕು, ಎಲ್ಲಿಯ ಕೆಂಚಮ್ಮನ ಹೊಸಕೋಟೆ? ನಮ್ಮ ಹೋಬಳಿಯಲ್ಲಿ ಈಗ ಬೇಲಿ ದಾಟುವುದು ಯಾವುದು ಎಂದು ಯೋಚಿಸಿ. ನಾಲ್ಕೈದು ಟನ್ ತೂಕ, ಮುಂದೆ ಕೋರೆಹಲ್ಲು, ರಾತ್ರಿ ಹೊತ್ತು ಸದ್ದಿಲ್ಲದ ನಡಿಗೆ. ಆನೆ ಅಗಳು ದಾಟುವ ಬಗೆಯನ್ನು ಬೆಳಿಗ್ಗೆ ಹೋಗಿ ಮಣ್ಣಿನಲ್ಲಿ ಓದಬಹುದು. ಅರಣ್ಯ ಇಲಾಖೆಯವರು ಮೂರು ಮೀಟರ್ ಅಗಲ, ಮೂರು ಮೀಟರ್ ಆಳದ ಆನೆಕಂದಕ ತೋಡುತ್ತಾರೆ. ಕಂದಕ ಹೊಸದಿದ್ದಾಗ ಆನೆ ಅಂಚಿನಲ್ಲಿ ನಿಂತು ಹಿಂದಕ್ಕೆ ಹೋಗುತ್ತದೆ. ನಮ್ಮ ಮಳೆ ಎರಡು ಜೂನ್ ಹೊಡೆಯಲಿ, ಅಂಚು ಕುಸಿಯುತ್ತದೆ. ಆಗ ಆನೆ ಮುಂಗಾಲಿನಿಂದ ಅಂಚನ್ನು ಕೆದರಿ ಮಣ್ಣನ್ನು ಕೆಳಕ್ಕೆ ತಳ್ಳಿ, ತಾನೇ ಇಳಿಜಾರು ಮಾಡಿಕೊಂಡು, ಆ ಕಡೆಯೂ ಹಾಗೇ ಮಾಡಿ ಹತ್ತುತ್ತದೆ. ಹಿಂದೆ ಮರಿಗಳು ಅದೇ ದಾರಿಯಲ್ಲಿ. ಸೋಲಾರ್ ಬೇಲಿಗೆ ಕರೆಂಟು ತಾಕದ ಉಪಾಯವನ್ನೂ ಕಲಿತಿದೆ: ದಂತಕ್ಕೆ ಶಾಕ್ ಹೊಡೆಯುವುದಿಲ್ಲ, ಅಥವಾ ಪಕ್ಕದ ಮರವನ್ನೇ ತಂತಿಯ ಮೇಲೆ ಬೀಳಿಸಿದರಾಯಿತು. ಕೊನೆಗೆ ಹಳೆಯ ರೈಲು ಕಂಬಿಗಳನ್ನು ಆಳವಾಗಿ ನೆಟ್ಟು ತಡೆಗೋಡೆ ಕಟ್ಟಲು ಶುರುವಾಯಿತು. ಸಮುದ್ರತೀರದ ಕಂಬಿ ಕಿತ್ತು ಟ್ಯಾಂಕಿಗೆ ಹಲ್ಲು ಮಾಡಿದ ಸಾರ್ಜೆಂಟ್ ನೆನಪಾಗುತ್ತಾನೆ. ಇಲ್ಲಿ ಕಂಬಿ ಹಲ್ಲಿಗೆ ಎದುರಾಗಿ ನಿಂತಿದೆ.

ಇದು ತಮಾಷೆಯ ಮಾತಲ್ಲ ಎಂದು ನಿಮಗೆಲ್ಲ ಗೊತ್ತು. ಮುಂಜಾನೆ ಕಾಫಿ ಹಣ್ಣು ಕೊಯ್ಯಲು ಹೋದವರು, ಸಂಜೆ ಸಂತೆ ಮುಗಿಸಿ ಬಂದವರು ನಮ್ಮ ನಡುವೆ ಇಲ್ಲವಾಗಿದ್ದಾರೆ. ಅವರ ಮಕ್ಕಳು ಇದೇ ಶಾಲೆಯಲ್ಲಿ ಓದಿದ್ದಾರೆ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು ಸೀಮೆಯಲ್ಲಿ ಉಳಿದ ಆನೆಗಳನ್ನು ಹಿಡಿದು ಸಾಗಿಸಬೇಕೆಂದಿತು. 2014ರಲ್ಲಿ 22 ಆನೆಗಳನ್ನು ಹಿಡಿದರು. ಕೆಲವೇ ವರ್ಷಗಳಲ್ಲಿ ಆ ಜಾಗಕ್ಕೆ ಬೇರೆ ಆನೆಗಳು ಬಂದವು. ನನಗೆ ಇದು ಮಾಂಟ್ರೆಸರ್ ಅರಕೇರಿ ಹಿಡಿದ ಕಥೆಯಂತೆ ಕೇಳಿಸುತ್ತದೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿಸಲಗದೊಡನೆ ಹೋರಾಡಿ ಸತ್ತ. ಆ ದಿನ ನಮ್ಮ ಕಡೆ ಒಲೆ ಹಚ್ಚದ ಮನೆಗಳಿದ್ದವು. ಆನೆ ಎಲ್ಲಿದೆ ಎಂಬ ಸಂದೇಶ ಈಗ ಮೊಬೈಲಿಗೆ ಬರುತ್ತದೆ, ರಸ್ತೆಯ ಬದಿಯ ಫಲಕದಲ್ಲಿ ಕೆಂಪಕ್ಷರದಲ್ಲಿ ಓಡುತ್ತದೆ. ನಮ್ಮ ತಿಳಿವಳಿಕೆಗೆ, ಸದ್ಯಕ್ಕೆ, ಯಾವ ಬೇಲಿಗಿಂತಲೂ ಹೆಚ್ಚು ಜೀವ ಉಳಿಸುತ್ತಿರುವುದು ಅದೇ. ಹಗಲಲ್ಲಿ ನೋಡದ ಜಾಗಕ್ಕೆ ರಾತ್ರಿ ಹೋಗಬಾರದು ಎಂದು ಸುಲ್ತಾನ್‌ಪೇಟೆ ತೋಪಿನಲ್ಲಿ ಕಲಿತದ್ದನ್ನು ನಮ್ಮ ಮೊಬೈಲು ದಿನಾ ಹೇಳುತ್ತಿದೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಶುಂಠಿಗೆ ನೆಲ ಮಾಡುವಾಗ, ಹೊಸ ಮನೆಗೆ ದಾರಿ ತೆಗೆಯುವಾಗ ಹಳೆಯ ಅಗಳುಗಳು ಜೆಸಿಬಿಯ ಬಾಯಿಗೆ ಹೋಗುತ್ತಿವೆ. ಅರ್ಧ ದಿನದ ಬಾಡಿಗೆಯಲ್ಲಿ ನೂರು ಗಜ ಅಗಳು ಸಮತಟ್ಟು. ಇವುಗಳಲ್ಲಿ ಹೆಚ್ಚಿನವು ಕಾಫಿ ಬಂದ ಮೇಲೆ ದನ ಬಾರದಿರಲೆಂದು ತೋಡಿದ ತೋಟದ ಅಗಳುಗಳೇ ಇರಬಹುದು. ಆದರೆ ತೋಟಕ್ಕೂ ಗಡಿಗೂ ಸಂಬಂಧವಿಲ್ಲದೆ, ಊರನ್ನು ಬಳಸಿ, ಗುಡ್ಡದ ನೆತ್ತಿ ಹಿಡಿದು ಹೋಗುವ ಅಗಳುಗಳೂ ಇವೆ. ಅಂಥವನ್ನು ತೋಟಕ್ಕಾಗಿ ಯಾರೂ ತೋಡುವುದಿಲ್ಲ. ಜಮೀನು ನಿಮ್ಮದು, ಮುಚ್ಚಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಮುಚ್ಚುವ ಮೊದಲು ಒಂದು ಭಾನುವಾರ ಹತ್ತನೇ ತರಗತಿಯ ಇಬ್ಬರು ಮಕ್ಕಳನ್ನು ಕರೆದು ಅಳೆಸಿ. ಮೇಲಗಲ, ತಳದ ಅಗಲ, ಆಳ, ಮಣ್ಣು ಯಾವ ಬದಿಗೆ ಹಾಕಿದೆ ಎಂಬುದು (ಶತ್ರು ಯಾವ ಕಡೆಯಿಂದ ಬರುತ್ತಾನೆಂದು ತೋಡಿದವರು ಎಣಿಸಿದ್ದರೋ ಅದು ಇದರಲ್ಲೇ ತಿಳಿಯುತ್ತದೆ), ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ. ಮೊಬೈಲಿನಲ್ಲಿ ಎರಡು ಫೋಟೊ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಕಚೇರಿಗೆ ಕೊಟ್ಟರೆ, ಮುಖ್ಯೋಪಾಧ್ಯಾಯರು ಒಪ್ಪಿದರೆ, ಸಮಾಜ ವಿಜ್ಞಾನದ ಕಪಾಟಿನಲ್ಲಿ ಒಂದು ಕಡತ ಇಡಬಹುದು. ಮೊದಲ ಹಾಳೆ ನಮ್ಮ ಮನೆಯ ಹಿಂದಿನ ಅಗಳಿನದು. ಮೇಲಗಲ ಒಂಬತ್ತು ಅಡಿ, ತಳ ಮೂರಡಿ, ಈಗ ಉಳಿದಿರುವ ಆಳ ನಾಲ್ಕೂವರೆ, ಮಣ್ಣು ಪೂರ್ವಕ್ಕೆ. ನಮ್ಮಜ್ಜಿ ಅದನ್ನು ದಂಡಿನ ಅಗಳು ಎನ್ನುತ್ತಿದ್ದರು.